ಬೂದಿ ಎಷ್ಟು, ಕೆಂಡ ಎಷ್ಟು? ಕಿಡ್ನಿ ಬಯಾಪ್ಸಿ ಹೇಳುವ ಮಾತು

(ಬೆಂಗಳೂರಿನಲ್ಲಿ ಕಿಡ್ನಿ ರೋಗಿಗಳು ಮತ್ತು ಅವರ ಮನೆಯವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಬಂದಿರುವ ಬಹಳಷ್ಟು ಜನರ ಕೈಯಲ್ಲಿ ಪ್ಲಾಸ್ಟಿಕ್ ಫೈಲು ಕಾಣುತ್ತಿದೆ. ಒಳಗೆ ಕ್ರಿಯಾಟಿನಿನ್ ರಿಪೋರ್ಟುಗಳು ತಾರೀಕಿನ ಪ್ರಕಾರ ಜೋಡಿಸಿರುತ್ತವೆ: 1.4, 1.6, 1.9. ಜೊತೆಗೆ ಸ್ಕ್ಯಾನಿಂಗ್ ರಿಪೋರ್ಟ್, ಅದರ ಕೊನೆಯ ಸಾಲಿನಲ್ಲಿ 'ರೀನಲ್ ಪ್ಯಾರೆಂಕೈಮಲ್ ಡಿಸೀಸ್, ಗ್ರೇಡ್ 2' ಅಂತ. ಇವೆರಡನ್ನೂ ಹಿಡಿದುಕೊಂಡು ಕೇಳುವ ಪ್ರಶ್ನೆ ಮಾತ್ರ ಒಂದೇ: 'ಕಿಡ್ನಿಗೆ ಏನಾಗಿದೆ, ಸರಿಹೋಗುತ್ತದಾ?'

ಆ ಎರಡು ಕಾಗದಗಳಲ್ಲಿ ಇದಕ್ಕೆ ಉತ್ತರ ಇಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, ಅದು ಏರಿದಷ್ಟೂ ಸೋಸುವುದು ಕಡಿಮೆಯಾಗಿದೆ ಎಂದರ್ಥ. ಅದು ಹೇಳುವುದು ಕಿಡ್ನಿ ಈಗ ಎಷ್ಟು ಸೋಸುತ್ತಿದೆ ಎಂಬುದನ್ನು. ಅದೂ ತಡವಾಗಿ, ಸೋಸುವ ಶಕ್ತಿ ಅರ್ಧದಷ್ಟು ಹೋಗುವವರೆಗೆ ಅದು ನಾರ್ಮಲ್ ಗೆರೆಯೊಳಗೇ ಇರಬಹುದು. ಸ್ಕ್ಯಾನಿಂಗ್ ಹೇಳುವುದು ಕಿಡ್ನಿಯ ಉದ್ದ, ದಪ್ಪ, ಕಲ್ಲು, ಅಡ್ಡಿ ಇತ್ಯಾದಿ. 'ಪ್ಯಾರೆಂಕೈಮಲ್ ಡಿಸೀಸ್' ಅಂದರೆ 'ಕಿಡ್ನಿಯ ತಿರುಳಿನಲ್ಲಿ ಏನೋ ಕಾಯಿಲೆ ಇದೆ' ಎಂದಷ್ಟೇ ಅರ್ಥ. ಯಾವ ಕಾಯಿಲೆ? ಇನ್ನೂ ನಡೆಯುತ್ತಿದೆಯೋ, ನಡೆದು ಮುಗಿದಿದೆಯೋ? ಅದನ್ನು ತಿಳಿಯಬೇಕಾದರೆ ತಿರುಳನ್ನೇ ನೋಡಬೇಕು.

ನಮ್ಮಲ್ಲಿ 'ಬೂದಿ ಮುಚ್ಚಿದ ಕೆಂಡ' ಅನ್ನುತ್ತಾರೆ. ಒಲೆ ದೂರದಿಂದ ಆರಿದ ಹಾಗೆ ಕಾಣುತ್ತದೆ, ಕೆದಕಿದರೆ ಒಳಗೆ ಕೆಂಪು. ದೀರ್ಘಕಾಲದ ಕಿಡ್ನಿ ಕಾಯಿಲೆಯಲ್ಲೂ ಇವೆರಡೂ ಒಟ್ಟಿಗೇ ಇರುತ್ತವೆ. ಉರಿಯೂತ ಕೆಂಡ, ಔಷಧಿಗೆ ಬಗ್ಗುತ್ತದೆ. ನಾರುಗಟ್ಟಿದ ಕಲೆ ಬೂದಿ. ಅದನ್ನು ಮತ್ತೆ ಸೌದೆ ಮಾಡುವ ಔಷಧಿ ಇಲ್ಲ. ಕ್ರಿಯಾಟಿನಿನ್ 2.0 ಇರುವ ಇಬ್ಬರಲ್ಲಿ ಒಬ್ಬರದು ಮುಕ್ಕಾಲು ಕೆಂಡ, ಇನ್ನೊಬ್ಬರದು ಮುಕ್ಕಾಲು ಬೂದಿ ಇರಬಹುದು. ಮೊದಲನೆಯವರಿಗೆ ಸ್ಟೀರಾಯ್ಡ್ ಕೊಡದಿದ್ದರೆ ತಪ್ಪು, ಎರಡನೆಯವರಿಗೆ ಕೊಟ್ಟರೆ ತಪ್ಪು. ಬಯಾಪ್ಸಿ ಮಾಡುವುದು ಮುಖ್ಯವಾಗಿ ಈ ಲೆಕ್ಕಕ್ಕಾಗಿ. ಕಾಯಿಲೆಯ ಹೆಸರು ಗೊತ್ತಾಗುವುದು ಅರ್ಧ ಕೆಲಸ ಮಾತ್ರ.

ಶಾವಿಗೆ ಎಳೆಯಷ್ಟು ತುಂಡು

ಒಂದು ಕಿಡ್ನಿಯ ತೂಕ ಹೆಚ್ಚುಕಡಿಮೆ 150 ಗ್ರಾಂ. ಅದರಲ್ಲಿ ಸರಾಸರಿ 10 ಲಕ್ಷ ನೆಫ್ರಾನ್. ಪ್ರತಿ ನೆಫ್ರಾನಿನ ತಲೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ, ಅದೇ ಗ್ಲೋಮೆರುಲಸ್, ರಕ್ತ ಸೋಸುವ ಜರಡಿ. ಅದರ ಅಡ್ಡಳತೆ 0.2 ಮಿಲಿಮೀಟರ್, ರಾಗಿ ಕಾಳಿನ ಎದುರು ಇಟ್ಟರೆ ಏಳೆಂಟರಲ್ಲಿ ಒಂದು ಪಾಲು. ಜರಡಿಯಿಂದ ಇಳಿದ ನೀರು ಉದ್ದನೆಯ ನಳಿಕೆಯಲ್ಲಿ ಹರಿಯುತ್ತದೆ. ಎರಡೂ ಕಿಡ್ನಿ ಸೇರಿ ದಿನಕ್ಕೆ 180 ಲೀಟರ್ ಸೋಸುತ್ತವೆ, ನಳಿಕೆಗಳು ಅದರಲ್ಲಿ ಒಂದೂವರೆ-ಎರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಹೀರಿಕೊಳ್ಳುತ್ತವೆ.

ಬಯಾಪ್ಸಿಯಲ್ಲಿ ಸಿಗುವುದು ಒಂದೂವರೆ ಸೆಂಟಿಮೀಟರ್ ಉದ್ದ, ಒಂದು ಮಿಲಿಮೀಟರ್ ದಪ್ಪದ ಎಳೆ. ಹಸಿ ಶಾವಿಗೆಯ ತುಂಡಿನ ಹಾಗಿರುತ್ತದೆ. ತೂಕದಲ್ಲಿ ಕಿಡ್ನಿಯ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಸಾಮಾನ್ಯವಾಗಿ ಇಂಥ ಎರಡು ಎಳೆ ತೆಗೆಯುತ್ತಾರೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಅನ್ನುತ್ತೇವಲ್ಲ, ಕಿಡ್ನಿಯ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಕೆಲವು ಕಾಯಿಲೆ ಎಲ್ಲ ಜರಡಿಗಳನ್ನೂ ಒಂದೇ ಥರ ಹಿಡಿಯುತ್ತದೆ. ಅಲ್ಲಿ ಒಂದು ಅಗುಳು ಸಾಕು. ಇನ್ನು ಕೆಲವು ಅಲ್ಲೊಂದು ಇಲ್ಲೊಂದು ಜರಡಿಯನ್ನು ಮಾತ್ರ ಹಿಡಿಯುತ್ತವೆ. ನೂರಕ್ಕೆ ಹತ್ತು ಜರಡಿ ಕೆಟ್ಟಿವೆ ಎಂದುಕೊಳ್ಳಿ. ತುಂಡಿನಲ್ಲಿ ಹತ್ತೇ ಸಿಕ್ಕರೆ, ಕೆಟ್ಟದ್ದು ಒಂದೂ ಬೀಳದೆ ಹೋಗುವ ಸಾಧ್ಯತೆ ಶೇ 35. ಇಪ್ಪತ್ತೈದು ಸಿಕ್ಕರೆ ಅದು ಶೇ 7ಕ್ಕೆ ಇಳಿಯುತ್ತದೆ. ರಿಪೋರ್ಟಿನ ಮೊದಲ ಸಾಲಿನಲ್ಲಿ 'ಗ್ಲೋಮೆರುಲಸ್‌ಗಳ ಸಂಖ್ಯೆ' ಎಂದು ಬರೆಯುವುದು ಇದಕ್ಕೇ. ಆರೋ ಏಳೋ ಇದ್ದು 'ಕಾಯಿಲೆ ಕಾಣಲಿಲ್ಲ' ಎಂದಿದ್ದರೆ ಅದು ಸಮಾಧಾನಪಡುವ ರಿಪೋರ್ಟ್ ಅಲ್ಲ.

ಸೂಜಿಯಿಂದ ಕಿಡ್ನಿಯ ತುಂಡು ತೆಗೆಯುವ ವಿದ್ಯೆ ಹೊಸದೇನಲ್ಲ. ಕೋಪನ್‌ಹೇಗನ್‌ನ ಇವರ್ಸೆನ್ ಮತ್ತು ಬ್ರೂನ್ 1951ರಲ್ಲಿ ತಮ್ಮ ಅನುಭವ ಪ್ರಕಟಿಸಿದರು. ಅವರು ರೋಗಿಯನ್ನು ಕೂರಿಸಿ ಚುಚ್ಚುತ್ತಿದ್ದರು. 1954ರಲ್ಲಿ ಷಿಕಾಗೋದ ಕಾರ್ಕ್ ಮತ್ತು ಮ್ಯೂರ್ಕೆ ರೋಗಿಯನ್ನು ಕವುಚಿ ಮಲಗಿಸಿ, ಬೇರೆ ಸೂಜಿ ಬಳಸಿ, ನೂರಕ್ಕೆ 96 ಜನರಲ್ಲಿ ತುಂಡು ಪಡೆದರು. ಇವತ್ತಿಗೂ ಮಲಗಿಸುವ ಭಂಗಿ ಅದೇ. ಬಂದ ದೊಡ್ಡ ಬದಲಾವಣೆ ಎರಡು: ಅಲ್ಟ್ರಾಸೌಂಡ್ ಮತ್ತು ಸ್ಪ್ರಿಂಗ್ ಗನ್.

ಆ ಹತ್ತು ನಿಮಿಷದಲ್ಲಿ ಏನಾಗುತ್ತದೆ

ಬಯಾಪ್ಸಿಯ ಕೆಲಸ ಶುರುವಾಗುವುದು ಒಂದು ವಾರ ಮುಂಚೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆಗಳನ್ನು 5ರಿಂದ 7 ದಿನ ನಿಲ್ಲಿಸುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ತಾವೇ ನಿಲ್ಲಿಸಬಾರದು. ಹೃದ್ರೋಗ ತಜ್ಞರು ಮತ್ತು ನೆಫ್ರಾಲಜಿಸ್ಟ್ ಇಬ್ಬರೂ ಒಪ್ಪಬೇಕು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳನ್ನೂ ಬಿಡಬೇಕು. ಅವು ರಕ್ತ ಹೆಪ್ಪುಗಟ್ಟುವುದನ್ನೂ ಕೆಡಿಸುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಪ್ಲೇಟ್‌ಲೆಟ್ ಒಂದು ಲಕ್ಷಕ್ಕೆ ಮೇಲಿರಬೇಕು, ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಐಎನ್‌ಆರ್ ನಾರ್ಮಲ್ ಹತ್ತಿರ ಇರಬೇಕು, ಮೂತ್ರದಲ್ಲಿ ಸೋಂಕು ಇರಬಾರದು. ಎಲ್ಲಕ್ಕಿಂತ ಮುಖ್ಯ ಬಿಪಿ: 140/90ಕ್ಕಿಂತ ಕೆಳಗೆ. ಸೂಜಿ ಮಾಡಿದ ತೂತಿನ ಮೇಲೆ ಒಳಗಿನಿಂದ ಒತ್ತುವುದು ಈ ಬಿಪಿಯೇ. 170 ಇದ್ದರೂ 'ಹೇಗೋ ಮಾಡಿಬಿಡಿ, ರಜೆ ಹಾಕಿ ಬಂದಿದ್ದೇನೆ' ಅನ್ನುವವರಿದ್ದಾರೆ. ರಜೆ ಇನ್ನೊಂದು ದಿನ ಹಾಕಬಹುದು.

ಆ ದಿನ ಹೊಟ್ಟೆಯ ಕೆಳಗೆ ದಿಂಬು ಇಟ್ಟು ಕವುಚಿ ಮಲಗಿಸುತ್ತಾರೆ. ದಿಂಬು ಕಿಡ್ನಿಯನ್ನು ಬೆನ್ನಿನ ಕಡೆಗೆ ತಳ್ಳಿ ಹಿಡಿಯುತ್ತದೆ. ಅಲ್ಟ್ರಾಸೌಂಡಿನಲ್ಲಿ ಸಾಮಾನ್ಯವಾಗಿ ಎಡ ಕಿಡ್ನಿಯ ಕೆಳತುದಿಯನ್ನು ಗುರುತು ಹಾಕುತ್ತಾರೆ. ಕೆಳತುದಿಯೇ ಏಕೆ? ದೊಡ್ಡ ರಕ್ತನಾಳಗಳು ಒಳಹೊಕ್ಕುವ ಜಾಗ ಕಿಡ್ನಿಯ ನಡುವಿನಲ್ಲಿದೆ, ಮೇಲ್ತುದಿಯ ಹಿಂದೆ ಶ್ವಾಸಕೋಶದ ಪೊರೆ ಇದೆ. ಕೆಳತುದಿ ಇವೆರಡರಿಂದಲೂ ದೂರ. ಚರ್ಮದಿಂದ ಕಿಡ್ನಿಯ ಕವಚದವರೆಗೆ ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಡುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ಏಕೆಂದರೆ ನಿಮ್ಮಿಂದ ಒಂದು ಕೆಲಸ ಆಗಬೇಕು: ಹೇಳಿದಾಗ ಉಸಿರು ಹಿಡಿಯುವುದು.

ಇದು ಸಣ್ಣ ವಿಷಯವಲ್ಲ. ಉಸಿರಾಡುವಾಗ ಕಿಡ್ನಿ ಕೆಲವು ಸೆಂಟಿಮೀಟರ್ ಮೇಲೆ ಕೆಳಗೆ ಸರಿಯುತ್ತದೆ. ಸೂಜಿ ಒಳಗಿರುವಾಗ ಕಿಡ್ನಿ ಸರಿದರೆ ಚುಚ್ಚಿದ ಗಾಯ ಸೀಳಿದ ಗಾಯವಾಗುತ್ತದೆ. 'ಉಸಿರು ಎಳೆದು ಹಿಡಿಯಿರಿ' ಅಂದಾಗ ಹಿಡಿಯಬೇಕು, 'ಬಿಡಿ' ಅಂದಾಗ ಮಾತ್ರ ಬಿಡಬೇಕು, ನಡುವೆ ಕೆಮ್ಮಬಾರದು. ಹಿಂದಿನ ದಿನ ಮನೆಯಲ್ಲೇ ಕವುಚಿ ಮಲಗಿ ಹತ್ತು ಸೆಕೆಂಡ್ ಉಸಿರು ಹಿಡಿದು ಅಭ್ಯಾಸ ಮಾಡಿ. ಕೆಮ್ಮು ನೆಗಡಿ ಇದ್ದರೆ ಮೊದಲೇ ಹೇಳಿ.

ಸೂಜಿ 16 ಅಥವಾ 18 ಗೇಜ್. ಗನ್ನಿನ ಗುಂಡಿ ಒತ್ತಿದಾಗ ಸ್ಟೇಪ್ಲರ್ ಹೊಡೆದಂಥ 'ಟಕ್' ಶಬ್ದ. ಆ ಶಬ್ದಕ್ಕೆ ಬೆಚ್ಚುವವರೇ ಹೆಚ್ಚು, ಆದ್ದರಿಂದ ಒಳ್ಳೆಯ ವೈದ್ಯರು ಮೊದಲೇ ಒಮ್ಮೆ ಗಾಳಿಯಲ್ಲಿ ಹೊಡೆದು ಕೇಳಿಸುತ್ತಾರೆ. ಸೂಜಿ ಒಳಗಿರುವುದು ಕೆಲವೇ ಸೆಕೆಂಡ್.

ತುಂಡು ಬಂದ ಮೇಲೆ ನಡೆಯುವುದು ರೋಗಿಗೆ ಕಾಣುವುದಿಲ್ಲ. ಆದರೆ ಬಯಾಪ್ಸಿ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಜರಡಿಗಳಿರುವುದು ಕಿಡ್ನಿಯ ಹೊರಪದರದಲ್ಲಿ, ಅದು ಹೆಚ್ಚೆಂದರೆ ಒಂದು ಸೆಂಟಿಮೀಟರ್ ದಪ್ಪ. ಸೂಜಿ ಆಳಕ್ಕೆ ಹೋಗಿ ಒಳಪದರವನ್ನಷ್ಟೇ ತಂದರೆ ನೋಡಲು ಚೆಂದದ ಎಳೆ ಬರುತ್ತದೆ, ಜರಡಿ ಒಂದೂ ಇರುವುದಿಲ್ಲ. ಮೇಲೇ ನಿಂತರೆ ಬರುವುದು ಬೆನ್ನಿನ ಸ್ನಾಯು. ಅದಕ್ಕೇ ತುಂಡನ್ನು ಅಲ್ಲೇ ಭೂತಗನ್ನಡಿಯಲ್ಲಿ ನೋಡಬೇಕು. ಹೊರಪದರವಾದರೆ ಮಸುಕು ಗುಲಾಬಿ ಎಳೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು ಕಾಣುತ್ತವೆ. ಒಂದೊಂದು ಚುಕ್ಕಿಯೂ ಒಂದು ಜರಡಿ. ಚುಕ್ಕಿ ಇಲ್ಲದಿದ್ದರೆ ರೋಗಿ ಮಲಗಿರುವಾಗಲೇ ಇನ್ನೊಂದು ಎಳೆ ತೆಗೆಯಬಹುದು. ವಾರ್ಡಿಗೆ ಕಳಿಸಿದ ಮೇಲೆ ಮತ್ತೆ ಕರೆಸುವುದು ಯಾರಿಗೂ ಬೇಡ.

ಆಮೇಲೆ ತುಂಡನ್ನು ಮೂರು ಪಾಲು ಮಾಡುತ್ತಾರೆ. ದೊಡ್ಡ ಪಾಲು ಫಾರ್ಮಲಿನ್‌ಗೆ, ಸಾಮಾನ್ಯ ಮೈಕ್ರೋಸ್ಕೋಪಿಗೆ. ಒಂದು ಪಾಲು ಇಮ್ಯುನೋಫ್ಲೋರೆಸೆನ್ಸ್‌ಗೆ. ಇದನ್ನು ಫಾರ್ಮಲಿನ್‌ಗೆ ಹಾಕಬಾರದು, ಮಿಷೆಲ್ ದ್ರಾವಣದಲ್ಲಿ ಕಳಿಸಬೇಕು, ಇಲ್ಲವೇ ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯಲ್ಲಿಟ್ಟು ಕೂಡಲೇ ಲ್ಯಾಬಿಗೆ ತಲುಪಿಸಿ ಫ್ರೀಜ್ ಮಾಡಬೇಕು. ಒಂದೆರಡು ಮಿಲಿಮೀಟರ್ ತುಣುಕು ಗ್ಲುಟರಾಲ್ಡಿಹೈಡ್‌ಗೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ. ಎಲ್ಲವನ್ನೂ ಒಂದೇ ಫಾರ್ಮಲಿನ್ ಡಬ್ಬಿಗೆ ಹಾಕಿಬಿಡುವುದು ತೀರಾ ಸಾಮಾನ್ಯ ತಪ್ಪು. ಚಿಮಟದಲ್ಲಿ ಒತ್ತಿ ಹಿಡಿದರೆ ಜೀವಕೋಶ ನಜ್ಜುಗುಜ್ಜಾಗುತ್ತದೆ. ಒಣ ಬಟ್ಟೆಯ ಮೇಲೆ ಐದು ನಿಮಿಷ ಬಿಟ್ಟರೆ ತುಂಡು ಒಣಗಿ ಹೋಗುತ್ತದೆ. ಸಲೈನ್ ಗಾಜ್ ಬಟ್ಟೆಯಲ್ಲಿ ಸುತ್ತಿದ ತುಂಡು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎರಡು ತಾಸು ಸಿಕ್ಕಿಕೊಂಡರೆ ಏನಾಗುತ್ತದೆಂದು ನೀವೇ ಊಹಿಸಿ. ದೂರದ ಲ್ಯಾಬಾದರೆ ಮಿಷೆಲ್ ದ್ರಾವಣವೇ ಸರಿ. ಅದರಲ್ಲಿ ತುಂಡು ಕೆಲವು ದಿನ ಕೆಡದೆ ಉಳಿಯುತ್ತದೆ. ಹಾಸನದಿಂದಲೋ ಬಳ್ಳಾರಿಯಿಂದಲೋ ಬೆಂಗಳೂರಿನ ಲ್ಯಾಬಿಗೆ ಕಳಿಸುವವರು ಇದನ್ನು ಮರೆಯಬಾರದು.

ಸ್ಲೈಡಿನಲ್ಲಿ ಕಾಣುವುದು

ಫಾರ್ಮಲಿನ್ ಪಾಲನ್ನು ಮೇಣದಲ್ಲಿ ಕೂರಿಸಿ 2–3 ಮೈಕ್ರಾನ್ ತೆಳುವಾಗಿ ಕೊಯ್ದು ನಾಲ್ಕೈದು ಬಣ್ಣ ಹಾಕುತ್ತಾರೆ. ಪಿಎಎಸ್ ಮತ್ತು ಸಿಲ್ವರ್ ಬಣ್ಣ ಜರಡಿಯ ಪೊರೆಯನ್ನು ಎತ್ತಿ ತೋರಿಸುತ್ತವೆ. ಟ್ರೈಕ್ರೋಮ್ ನಾರಿನಂಥ ಕಲೆಗೆ ನೀಲಿ ಅಥವಾ ಹಸಿರು ಬಣ್ಣ ಕೊಡುತ್ತದೆ. ಕಾಂಗೋ ರೆಡ್ ಅಮಿಲಾಯ್ಡ್ ಎಂಬ ಅಸಹಜ ಪ್ರೋಟೀನ್ ಹುಡುಕಲಿಕ್ಕೆ. ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ ಕತ್ತಲೆಯಲ್ಲಿ ಹಸಿರಾಗಿ ಹೊಳೆಯುವುದು ಜರಡಿಗೆ ಅಂಟಿಕೊಂಡ ಪ್ರತಿಕಾಯಗಳು (ಐಜಿಜಿ, ಐಜಿಎ, ಐಜಿಎಂ), ಅವುಗಳ ಭಾಗಗಳು (ಕಪ್ಪಾ, ಲ್ಯಾಂಬ್ಡಾ) ಮತ್ತು ಅವುಗಳ ಜೊತೆ ಕೆಲಸ ಮಾಡುವ ಕಾಂಪ್ಲಿಮೆಂಟ್ ಪ್ರೋಟೀನುಗಳು (ಸಿ3, ಸಿ1ಕ್ಯೂ). ದೇಹದ ರಕ್ಷಣಾ ಶಕ್ತಿ ತನ್ನ ಮೇಲೇ ತಿರುಗುವ ಲೂಪಸ್‌ನಲ್ಲಿ ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯೂ ಐದೂ ಹೊಳೆಯುವುದುಂಟು. ಪ್ಯಾಥಾಲಜಿಸ್ಟ್‌ಗಳು ಅದಕ್ಕೆ 'ಫುಲ್ ಹೌಸ್' ಅನ್ನುತ್ತಾರೆ. ಜರಡಿಯಲ್ಲಿ ಐಜಿಎ ಕೂತು ಬರುವ ಐಜಿಎ ನೆಫ್ರೋಪತಿಯನ್ನು ಪ್ಯಾರಿಸ್ಸಿನ ಬರ್ಜರ್ ಮತ್ತು ಆಂಗ್ಲೇ 1968ರಲ್ಲಿ ಗುರುತಿಸಿದ್ದೇ ಈ ಹೊಳಪಿನಿಂದ. ಬರೀ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಅದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ. ಬೇರೆ ಪಾಲು ಬೇರೆ ಡಬ್ಬಿಗೆ ಎಂದು ಒತ್ತಿ ಹೇಳಿದ್ದು ಈ ಕಾರಣಕ್ಕೆ.

ಈಗ ಒಂದು ಮಾದರಿ ರಿಪೋರ್ಟನ್ನು ಸಾಲುಸಾಲಾಗಿ ಓದೋಣ. ವಯಸ್ಸು 34, ಕ್ರಿಯಾಟಿನಿನ್ 1.9, ಮೂತ್ರದಲ್ಲಿ ದಿನಕ್ಕೆ 2 ಗ್ರಾಂ ಪ್ರೋಟೀನ್, ಜೊತೆಗೆ ರಕ್ತಕಣ. ರಿಪೋರ್ಟ್ ಹೀಗಿದೆ: 'ಗ್ಲೋಮೆರುಲಸ್ 22. ಪೂರ್ತಿ ಸ್ಕ್ಲೆರೋಸಿಸ್ 4. ಸೆಗ್ಮೆಂಟಲ್ ಸ್ಕ್ಲೆರೋಸಿಸ್ 3. ಸೆಲ್ಯುಲರ್ ಕ್ರೆಸೆಂಟ್ 1. ಐಎಫ್‌ಟಿಎ ಶೇ 30. ಐಜಿಎ 3 ಪ್ಲಸ್, ಸಿ3 2 ಪ್ಲಸ್. ಎಂ1 ಇ1 ಎಸ್1 ಟಿ1 ಸಿ1.'

ಇಪ್ಪತ್ತೆರಡು ಜರಡಿ, ಒಳ್ಳೆಯ ತುಂಡು. ಅದರಲ್ಲಿ ನಾಲ್ಕು ಪೂರ್ತಿ ಮುಚ್ಚಿಹೋಗಿವೆ, ಅಂದರೆ ಶೇ 18. ವಯಸ್ಸಾದಂತೆ ಎಲ್ಲರಲ್ಲೂ ಕೆಲವು ಮುಚ್ಚುತ್ತವೆ. ಹಳೆಯ ಒಂದು ಕೈಲೆಕ್ಕ ಇದೆ: ವಯಸ್ಸಿನ ಅರ್ಧದಲ್ಲಿ ಹತ್ತು ಕಳೆದರೆ ಬರುವ ಶೇಕಡಾ ವಯಸ್ಸಿಗೆ ಸಹಜ. 34ರ ಅರ್ಧ 17, ಹತ್ತು ಕಳೆದರೆ 7. ಇಲ್ಲಿ 18 ಇದೆ, ಸಹಜಕ್ಕಿಂತ ಹೆಚ್ಚು. ಅರವತ್ತರ ವ್ಯಕ್ತಿಯಲ್ಲಾದರೆ ಇದೇ 18ಕ್ಕೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಕ್ರೆಸೆಂಟ್ ಅಂದರೆ ಅರ್ಧಚಂದ್ರ: ಜರಡಿಯ ಗೋಡೆ ಒಡೆದು, ಸುತ್ತಲ ಜಾಗದಲ್ಲಿ ಜೀವಕೋಶಗಳು ಎಳೆಚಂದ್ರನ ಆಕಾರದಲ್ಲಿ ತುಂಬಿಕೊಂಡಿವೆ. 'ಸೆಲ್ಯುಲರ್' ಅಂದರೆ ಹೊಸದು, ಔಷಧಿಗೆ ಬಗ್ಗಬಹುದಾದದ್ದು. 'ಫೈಬ್ರಸ್' ಎಂದಿದ್ದರೆ ಹಳೆಯದು, ಕಲೆಯಾಗಿ ನಿಂತದ್ದು. ಅರ್ಧಕ್ಕಿಂತ ಹೆಚ್ಚು ಜರಡಿಗಳಲ್ಲಿ ಅರ್ಧಚಂದ್ರ ಇದ್ದರೆ ಅದು ಬೇರೆಯೇ ಪ್ರಸಂಗ; ವಾರಗಳಲ್ಲಿ ಕಿಡ್ನಿ ಹೋಗುತ್ತದೆ. ಅಂಥಲ್ಲಿ ಪ್ಯಾಥಾಲಜಿಸ್ಟ್ ಟೈಪ್ ಮಾಡಿದ ರಿಪೋರ್ಟಿಗೆ ಕಾಯದೆ ಅದೇ ದಿನ ಫೋನ್ ಮಾಡಬೇಕು.

ಕೊನೆಯ ಐದು ಅಕ್ಷರ ಆಕ್ಸ್‌ಫರ್ಡ್ ವರ್ಗೀಕರಣ, ಐಜಿಎ ನೆಫ್ರೋಪತಿಗೆ ಮಾತ್ರ. ಎಂ ಮತ್ತು ಇ (ಜರಡಿಯೊಳಗೆ ಜೀವಕೋಶ ಹೆಚ್ಚಿರುವುದು), ಸಿ (ಕ್ರೆಸೆಂಟ್) ಹೆಚ್ಚುಕಡಿಮೆ ಕೆಂಡದ ಕಡೆ; ಎಸ್ (ಜರಡಿಯ ಒಂದು ಭಾಗ ಮಾತ್ರ ಕಲೆಗಟ್ಟಿದ ಸೆಗ್ಮೆಂಟಲ್ ಸ್ಕ್ಲೆರೋಸಿಸ್), ಟಿ (ನಳಿಕೆಯ ಸುತ್ತಲಿನ ಕಲೆ) ಬೂದಿಯ ಕಡೆ. ಈ ರಿಪೋರ್ಟಿನಲ್ಲಿ ಎರಡೂ ಇವೆ.

ಇಷ್ಟರಲ್ಲಿ ನಾವು ಮೊದಲು ಕಣ್ಣು ಹಾಯಿಸುವ ಸಾಲು ಯಾವುದು ಗೊತ್ತೇ? 'ಐಎಫ್‌ಟಿಎ ಶೇ 30.' ನಳಿಕೆಗಳು ಸೊರಗಿ, ಅವುಗಳ ನಡುವಿನ ಜಾಗ ನಾರುಗಟ್ಟಿರುವ ಪ್ರಮಾಣ ಅದು. ಕಾಯಿಲೆ ಶುರುವಾದದ್ದು ಜರಡಿಯಲ್ಲೇ ಇರಲಿ, ಮುಂದಿನ ಹತ್ತು ವರ್ಷದ ಗತಿ ಹೇಳುವುದರಲ್ಲಿ ನಳಿಕೆಯ ಸುತ್ತಲಿನ ಈ ಕಲೆ ಜರಡಿಯ ಹಾನಿಗಿಂತ ನಂಬಿಕಸ್ಥ ಸಾಕ್ಷಿ. 1960ರ ದಶಕದಿಂದಲೂ ಇದು ಗೊತ್ತಿರುವ ವಿಚಾರ, ಆದರೂ ರೋಗಿಗೆ ಕಾಯಿಲೆಯ ಹೆಸರು ಹೇಳಿ ಈ ಸಾಲನ್ನು ಹೇಳದೆ ಬಿಡುವುದು ನಡೆದೇ ಇದೆ. ಶೇ 25ರವರೆಗೆ ಟಿ0, 26ರಿಂದ 50 ಟಿ1, ಅದಕ್ಕೂ ಮೇಲೆ ಟಿ2. ನಿಮ್ಮ ಕಾಯಿಲೆ ಯಾವುದೇ ಇರಲಿ, ರಿಪೋರ್ಟ್ ಕೈಗೆ ಬಂದಾಗ 'ಐಎಫ್‌ಟಿಎ ಎಷ್ಟು ಡಾಕ್ಟ್ರೇ?' ಎಂದು ಕೇಳಿ. ಈಗ ಹಲವು ಪ್ಯಾಥಾಲಜಿಸ್ಟ್‌ಗಳು ಒಟ್ಟು ಕಲೆಗೆ ಹತ್ತರಲ್ಲಿ ಅಂಕವನ್ನೂ ಕೊಡುತ್ತಾರೆ: ಮುಚ್ಚಿದ ಜರಡಿಗೆ 3, ನಾರಿಗೆ 3, ಸೊರಗಿದ ನಳಿಕೆಗೆ 3, ದಪ್ಪಗಾದ ರಕ್ತನಾಳಕ್ಕೆ 1. ಒಟ್ಟು 0–1 ಬಂದರೆ ಕಲೆ ಅತ್ಯಲ್ಪ, 8 ಅಥವಾ ಹೆಚ್ಚು ಬಂದರೆ ತೀವ್ರ.

ನಮ್ಮ ಮಾದರಿ ವ್ಯಕ್ತಿಯಲ್ಲಿ ಬೂದಿ ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಕೆಂಡ ಸ್ಪಷ್ಟವಾಗಿ ಇದೆ. ಬಿಪಿ ಮತ್ತು ಪ್ರೋಟೀನ್ ಎರಡನ್ನೂ ತಗ್ಗಿಸುವ ಟೆಲ್ಮಿಸಾರ್ಟಾನ್‌ನಂಥ ಮಾತ್ರೆ, ಕಿಡ್ನಿ ಹಾನಿಯನ್ನು ನಿಧಾನಿಸುವ ಡಾಪಾಗ್ಲಿಫ್ಲೋಜಿನ್ ಮಾತ್ರೆ, ಉಪ್ಪು ಕಡಿತ, ಇವುಗಳ ಮೇಲೆ ಸ್ಟೀರಾಯ್ಡ್ ಬೇಕೇ ಎಂದು ಗಂಭೀರವಾಗಿ ಯೋಚಿಸುವ ಹಂತ. ಅದೇ ವ್ಯಕ್ತಿ ಐದು ವರ್ಷ ತಡವಾಗಿ ಬಂದು, 22ರಲ್ಲಿ 17 ಮುಚ್ಚಿ, ಐಎಫ್‌ಟಿಎ ಶೇ 75 ಇದ್ದಿದ್ದರೆ ಸ್ಟೀರಾಯ್ಡಿನಿಂದ ಸಿಗುತ್ತಿದ್ದುದು ಸೋಂಕು ಮತ್ತು ಶುಗರ್ ಮಾತ್ರ.

ಶುಗರ್ ಎಂಬ ಮೊಹರು

ನಮ್ಮ ಊರಿನಲ್ಲಿ ಶುಗರ್ ಇರುವವರ ಕಿಡ್ನಿ ಕೆಟ್ಟರೆ 'ಶುಗರ್‌ನಿಂದ' ಎಂದು ಮೊಹರು ಬಿದ್ದುಬಿಡುತ್ತದೆ. ಹೆಚ್ಚಿನ ಸಲ ಅದು ಸರಿಯೇ. ಶುಗರ್ ಹಾನಿಗೆ ಜರಡಿಯಲ್ಲಿ ತನ್ನದೇ ಗುರುತಿದೆ: ಪೊರೆ ದಪ್ಪಗಾಗುತ್ತದೆ, ಮುಂದುವರಿದಾಗ ಜರಡಿಯೊಳಗೆ ದುಂಡನೆಯ ಗಂಟುಗಳು ಕಾಣುತ್ತವೆ. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ವಿವರಿಸಿದ ಗಂಟುಗಳು ಅವು. ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ಆದರೆ ಶುಗರ್ ಇದ್ದವರಿಗೆ ಬೇರೆ ಕಿಡ್ನಿ ಕಾಯಿಲೆ ಬರಬಾರದು ಎಂಬ ನಿಯಮವೇನಿಲ್ಲ. ಅನುಮಾನ ಬಂದು ಬಯಾಪ್ಸಿ ಮಾಡಿದವರಲ್ಲಿ ಗಣನೀಯ ಪಾಲು ಜನರಿಗೆ ಶುಗರ್‌ಗೆ ಸಂಬಂಧವಿಲ್ಲದ ಕಾಯಿಲೆ, ಅಥವಾ ಎರಡೂ ಸೇರಿ ಸಿಗುತ್ತವೆ. ಅನುಮಾನ ಬರಬೇಕಾದ್ದು ಯಾವಾಗ? ಕಣ್ಣಿನ ರೆಟಿನಾ ಪರೀಕ್ಷೆಯಲ್ಲಿ ಏನೂ ಇಲ್ಲ, ಆದರೆ ಮೂತ್ರದಲ್ಲಿ ಪ್ರೋಟೀನ್ ಸುರಿಯುತ್ತಿದೆ. ಎರಡು ವಾರದಲ್ಲಿ ಕಾಲು ಮುಖ ಊದಿಕೊಂಡಿತು. ಮೂತ್ರದಲ್ಲಿ ರಕ್ತಕಣ ಇದೆ. ಮೂರು ತಿಂಗಳಲ್ಲಿ ಕ್ರಿಯಾಟಿನಿನ್ ಎರಡು ಪಟ್ಟಾಯಿತು. ಶುಗರ್ ಕಿಡ್ನಿಯನ್ನು ಕೆಡಿಸುವುದು ನಿಧಾನವಾಗಿ, ವರ್ಷಗಳ ಲೆಕ್ಕದಲ್ಲಿ, ಹೀಗೆ ಓಡುವುದಿಲ್ಲ.

ಬಿಪಿಯದು ಇದಕ್ಕಿಂತ ಗೋಜಲು. ಬಿಪಿಯಿಂದ ಕಿಡ್ನಿ ಕೆಟ್ಟಿತೋ, ಕಿಡ್ನಿ ಕೆಟ್ಟು ಬಿಪಿ ಬಂತೋ? ಬೀಜ ಮೊದಲೋ ಮರ ಮೊದಲೋ ಎಂಬಂಥ ಪ್ರಶ್ನೆ. ಮೂವತ್ತರ ಆಸುಪಾಸಿನವರಲ್ಲಿ ಬಿಪಿ 180, ಕ್ರಿಯಾಟಿನಿನ್ 2 ಕಂಡರೆ ಒಳಗೆ ಮೊದಲಿನಿಂದ ಐಜಿಎ ನೆಫ್ರೋಪತಿ ಇದ್ದಿರಬಹುದು.

ನಳಿಕೆಯ ಕಾಯಿಲೆಗಳನ್ನು ಬಯಾಪ್ಸಿ ಇಲ್ಲದೆ ಹಿಡಿಯುವುದು ಇನ್ನೂ ಕಷ್ಟ, ಏಕೆಂದರೆ ಮೂತ್ರದಲ್ಲಿ ಪ್ರೋಟೀನ್ ಹೆಚ್ಚಿರುವುದಿಲ್ಲ, ಊತ ಇರುವುದಿಲ್ಲ, ಕ್ರಿಯಾಟಿನಿನ್ ಸದ್ದಿಲ್ಲದೆ ಏರುತ್ತದೆ. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ನುಂಗುವ ಪ್ಯಾಂಟೋಪ್ರಜೋಲ್, ನೋವಿನ ಮಾತ್ರೆ, ಕೆಲವು ಆಂಟಿಬಯಾಟಿಕ್, ಟಿಬಿಯ ರಿಫಾಂಪಿಸಿನ್, ಇವು ಕೆಲವರಲ್ಲಿ ನಳಿಕೆಗಳ ನಡುವೆ ಉರಿಯೂತ ಎಬ್ಬಿಸುತ್ತವೆ. ಕಂಡುಹಿಡಿದು ಮಾತ್ರೆ ನಿಲ್ಲಿಸಿದರೆ, ಬೇಕಾದರೆ ಸ್ವಲ್ಪ ದಿನ ಸ್ಟೀರಾಯ್ಡ್ ಕೊಟ್ಟರೆ, ಕಿಡ್ನಿ ಬಹುಮಟ್ಟಿಗೆ ವಾಪಸ್ ಬರಬಹುದು. ತಿಂಗಳುಗಟ್ಟಲೆ ಬಿಟ್ಟರೆ ಅಲ್ಲೇ ನಾರುಗಟ್ಟುತ್ತದೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಭಾಗದಲ್ಲಿ ಶುಗರ್ ಬಿಪಿ ಯಾವುದೂ ಇಲ್ಲದ ರೈತರಿಗೆ ಬರುವ ಕಿಡ್ನಿ ಕಾಯಿಲೆಯಲ್ಲೂ ಮುಖ್ಯ ಹಾನಿ ಕಾಣುವುದು ನಳಿಕೆ ಮತ್ತು ಅದರ ಸುತ್ತ.

ಕೆಲವೊಮ್ಮೆ ತುಂಡಿನಲ್ಲಿ ಅಡುಗೆಮನೆಯ ಸುಳಿವೂ ಸಿಗುತ್ತದೆ. ಪೋಲರೈಸ್ಡ್ ಬೆಳಕಿನಲ್ಲಿ ನಳಿಕೆಯೊಳಗೆ ಮಿರಮಿರ ಹೊಳೆಯುವ ಹರಳು ಕಂಡರೆ ಅದು ಆಕ್ಸಲೇಟ್. ಆಗ ರೋಗಿಯನ್ನು ಕರೆದು ಕೇಳುತ್ತಾರೆ, 'ಯಾವುದಾದರೂ ಹುಳಿಹಣ್ಣಿನ ರಸ ಕುಡಿದಿರಾ?' ಕರಾವಳಿಯ ಬಿಂಬುಳಿ, ನಕ್ಷತ್ರದಂಥ ದಾರೆಹುಳಿ, ಎರಡರಲ್ಲೂ ಆಕ್ಸಲೇಟ್ ಬಹಳ. ಉಪ್ಪಿನಕಾಯಿಗೆ, ಸಾರಿಗೆ ಒಂದೆರಡು ಹಾಕುವುದರಿಂದ ಸಾಮಾನ್ಯವಾಗಿ ಏನಾಗುವುದಿಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆಂದು ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿದವರ ಕಿಡ್ನಿ ದಿನಗಳಲ್ಲಿ ನಿಂತದ್ದು ಕೇರಳದಿಂದ ವರದಿಯಾಗಿದೆ. ಮೊದಲೇ ಕಿಡ್ನಿ ಕಾಯಿಲೆ ಇದ್ದವರು ದಾರೆಹುಳಿಯನ್ನು ಸ್ವಲ್ಪವೂ ಮುಟ್ಟಬಾರದು.

ಇನ್ನೊಂದು ಸುಳಿವು ಕನ್ನಡಿ ಮುಂದಿನದು. ಜರಡಿಯ ಪೊರೆ ದಪ್ಪಗಾಗಿ ಪ್ರೋಟೀನ್ ಸೋರುವ ಮೆಂಬ್ರೇನಸ್ ನೆಫ್ರೋಪತಿಯಲ್ಲಿ ಪೊರೆಯ ಮೇಲೆ ಯಾವ ಪ್ರೋಟೀನ್ ಕೂತಿದೆ ಎಂದು ಈಗ ಹುಡುಕುತ್ತಾರೆ. ಹೆಚ್ಚಿನವರಲ್ಲಿ ಅದು ಪಿಎಲ್‌ಎ2ಆರ್, 2009ರಲ್ಲಿ ಪತ್ತೆಯಾದದ್ದು. ಕೆಲವರಲ್ಲಿ ನೆಲ್-1 ಸಿಗುತ್ತದೆ. ನೆಲ್-1 ಕಂಡರೆ ಕ್ಯಾನ್ಸರ್ ಇದೆಯೇ ಎಂದು ನೋಡುವುದರ ಜೊತೆಗೆ ನಮ್ಮ ದೇಶದಲ್ಲಿ ಇನ್ನೆರಡು ಪ್ರಶ್ನೆ ಕೇಳಬೇಕು: ನಾಟಿ ಔಷಧಿ ತಗೊಂಡಿದ್ದೀರಾ, ಬಿಳಿಯಾಗುವ ಕ್ರೀಮ್ ಹಚ್ಚುತ್ತೀರಾ? ಪಾದರಸ ಇರುವ ಔಷಧಿ ಮತ್ತು ಕ್ರೀಮ್‌ಗಳ ಜೊತೆ ಈ ಕಾಯಿಲೆಯ ನಂಟನ್ನು ವೆಲ್ಲೂರು ಮತ್ತು ಕೇರಳದ ವೈದ್ಯರು ದಾಖಲಿಸಿದ್ದಾರೆ. ಹಚ್ಚುವುದು ನಿಲ್ಲಿಸಿದ ಮೇಲೆ ಹಲವರಲ್ಲಿ ಪ್ರೋಟೀನ್ ತಾನಾಗಿ ಇಳಿದಿದೆ.

ಕೊಳಕುಮಂಡಲ ಕಚ್ಚಿ ಡಯಾಲಿಸಿಸ್‌ಗೆ ಬಂದವರದು ಇನ್ನೊಂದು ಬಗೆ. ಮೂರ್ನಾಲ್ಕು ವಾರವಾದರೂ ಮೂತ್ರ ಹೆಚ್ಚದಿದ್ದರೆ ಬಯಾಪ್ಸಿ ನೋಡುತ್ತಾರೆ. ನಳಿಕೆ ಮಾತ್ರ ಪೆಟ್ಟು ತಿಂದಿದ್ದರೆ ಕಾಯಬಹುದು, ಚೇತರಿಕೆ ಬರುತ್ತದೆ. ಹೊರಪದರವೇ ಸತ್ತಿದ್ದರೆ ಮುಂದೆ ಕಾಯಂ ಕಿಡ್ನಿ ಕಾಯಿಲೆ. ಮನೆಯವರು ಆ ಲೆಕ್ಕದಲ್ಲೇ ತಯಾರಾಗಬೇಕು.

ಇತ್ತೀಚೆಗೆ ಈ ತುಂಡನ್ನು ಇನ್ನೂ ಆಳಕ್ಕೆ ಓದಲು ಶುರುಮಾಡಿದ್ದಾರೆ. ಅಮೆರಿಕದ ಸರ್ಕಾರಿ ನೆರವಿನ ಕಿಡ್ನಿ ಪ್ರಿಸಿಷನ್ ಮೆಡಿಸಿನ್ ಪ್ರಾಜೆಕ್ಟ್‌ನಲ್ಲಿ ರೋಗಿಗಳು ಒಪ್ಪಿಗೆ ಕೊಟ್ಟು ತಮ್ಮ ಕಿಡ್ನಿಯ ಎಳೆಯನ್ನು ಸಂಶೋಧನೆಗೆ ದಾನ ಮಾಡುತ್ತಾರೆ. ಒಂದೊಂದು ಜೀವಕೋಶದಲ್ಲಿ ಯಾವ ಜೀನ್ ಚಾಲೂ ಇದೆ ಎಂದು ಓದಿ, 2023ರಲ್ಲಿ ಕಿಡ್ನಿಯ 51 ಮುಖ್ಯ ಬಗೆಯ ಜೀವಕೋಶಗಳ ನಕ್ಷೆ ಪ್ರಕಟಿಸಿದರು. ಪೆಟ್ಟು ತಿಂದ ನಳಿಕೆಯ ಕೆಲವು ಜೀವಕೋಶಗಳು ರಿಪೇರಿ ಮುಗಿಸಲಾಗದೆ ನಡುವೆಯೇ ಸಿಕ್ಕಿಕೊಂಡು, ಸುತ್ತ ನಾರು ಬೆಳೆಯಲು ಕುಮ್ಮಕ್ಕು ಕೊಡುತ್ತವೆ ಎಂಬುದು ಇಂಥ ಕೆಲಸದಿಂದ ಹೊರಬರುತ್ತಿರುವ ಚಿತ್ರ. ಕೆಂಡ ಬೂದಿಯಾಗುವ ಗಳಿಗೆಯನ್ನೇ ಹಿಡಿಯುವ ಪ್ರಯತ್ನ ಅದು. ನಮ್ಮ ಲ್ಯಾಬಿನ ದಿನನಿತ್ಯದ ರಿಪೋರ್ಟಿಗೆ ಅದಿನ್ನೂ ಬಂದಿಲ್ಲ.

ಸಭಿಕರ ಪ್ರಶ್ನೆಗಳು

'ಮೊದಲೇ ಕೆಟ್ಟ ಕಿಡ್ನಿಗೆ ಸೂಜಿ ಚುಚ್ಚಿದರೆ ಇನ್ನೂ ಹಾಳಾಗುವುದಿಲ್ಲವೇ?' ತುಂಡಿನಲ್ಲಿ ಹೋಗುವುದು ಹತ್ತಿಪ್ಪತ್ತು ಜರಡಿ, ಉಳಿದಿರುವುದು ಲಕ್ಷಗಟ್ಟಲೆ. ಭಯಪಡಬೇಕಾದ್ದು ರಕ್ತಸ್ರಾವಕ್ಕೆ. ಕಣ್ಣಿಗೆ ಕಾಣುವಂತೆ ಮೂತ್ರ ಕೆಂಪಾಗುವುದು ನೂರರಲ್ಲಿ ಮೂರ್ನಾಲ್ಕು ಜನರಿಗೆ. ಬಹುಪಾಲು ಒಂದೆರಡು ದಿನದಲ್ಲಿ ತಾನೇ ನಿಲ್ಲುತ್ತದೆ. ರಕ್ತ ಕೊಡಬೇಕಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ರಕ್ತನಾಳದೊಳಗಿಂದ ತೂತು ಮುಚ್ಚಬೇಕಾಗುವುದು ಅದಕ್ಕೂ ಕಡಿಮೆ. ಸಾವು ಹತ್ತು ಸಾವಿರದಲ್ಲಿ ಕೆಲವೇ, ಆದರೆ ಸೊನ್ನೆಯಲ್ಲ. ಸಹಿ ಮಾಡುವ ಕಾಗದದಲ್ಲಿ ಅದನ್ನು ಬರೆದಿರುತ್ತಾರೆ, ಓದಿ ಸಹಿ ಮಾಡಿ.

'ಅದೇ ದಿನ ಮನೆಗೆ ಹೋಗಬಹುದೇ?' ತೊಂದರೆಗಳಲ್ಲಿ ಮೂರನೇ ಎರಡು ಪಾಲು ಮಾತ್ರ ಮೊದಲ ಎಂಟು ತಾಸಿನಲ್ಲಿ ಕಾಣುತ್ತವೆ. ಸುಮಾರು ಹತ್ತರಲ್ಲಿ ಒಂಬತ್ತು ಕಾಣಬೇಕಾದರೆ 24 ತಾಸು ಬೇಕು. ಹಾಗಾಗಿ ಒಂದು ರಾತ್ರಿ ಆಸ್ಪತ್ರೆಯಲ್ಲಿರುವುದು ವಾಸಿ. ಮೊದಲ ಆರು ತಾಸು ಅಂಗಾತ ಮಲಗಿರಬೇಕು. ಆಗ ಪ್ರತಿ ಸಲದ ಮೂತ್ರವನ್ನೂ ಬೇರೆ ಬೇರೆ ಬಾಟಲಿಯಲ್ಲಿಟ್ಟು ಬಣ್ಣ ಹೋಲಿಸಿ ನೋಡುತ್ತಾರೆ. ಕೋಲಾರ, ತುಮಕೂರಿನ ಕಡೆಯವರು ಬಿಡುಗಡೆಯಾದ ಮೇಲೂ ಒಂದು ದಿನ ನಗರದಲ್ಲೇ ನೆಂಟರ ಮನೆಯಲ್ಲಿ ಉಳಿದರೆ ಒಳ್ಳೆಯದು. ಎರಡು ವಾರ ಭಾರ ಎತ್ತಬಾರದು, ಬೈಕ್ ಬೇಡ. ನಮ್ಮ ರಸ್ತೆಯ ಗುಂಡಿಗಳಲ್ಲಿ ಆಟೋ ಕೂಡ ನಿಧಾನ ಹೋಗಲಿ. ಮೂತ್ರದಲ್ಲಿ ರಕ್ತದ ಹೆಪ್ಪು ಬಂದರೆ, ಮೂತ್ರ ಕಟ್ಟಿದರೆ, ಪಕ್ಕೆನೋವು ಏರಿದರೆ, ನಿಂತಾಗ ತಲೆ ತಿರುಗಿದರೆ ಬೆಳಗಾಗುವುದನ್ನು ಕಾಯಬೇಡಿ.

'ನಮ್ಮ ತಾಯಿಗೆ ಬಯಾಪ್ಸಿ ಬೇಡ ಅಂದುಬಿಟ್ಟರು. ಯಾಕೆ?' ಕಿಡ್ನಿ ಎಂಟು-ಒಂಬತ್ತು ಸೆಂಟಿಮೀಟರಿಗಿಂತ ಕುಗ್ಗಿ, ಹೊರಪದರ ತೆಳುವಾಗಿದ್ದರೆ ತುಂಡಿನಲ್ಲಿ ಕಾಣುವುದು ಬರೀ ಬೂದಿ. ಆ ಹಂತದಲ್ಲಿ ಎಲ್ಲ ಕಾಯಿಲೆಯೂ ಒಂದೇ ಥರ ಕಾಣುತ್ತದೆ, ರಕ್ತಸ್ರಾವದ ಅಪಾಯ ಮಾತ್ರ ಹೆಚ್ಚು. ಹಾಗಂತ ಕಿಡ್ನಿಯ ಗಾತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಎಳೆಯದು ಎಂದೂ ಅಲ್ಲ. ಶುಗರ್ ಮತ್ತು ಅಮಿಲಾಯ್ಡ್‌ನಲ್ಲಿ ಹಾನಿ ಮುಂದುವರಿದಿದ್ದರೂ ಗಾತ್ರ ಉಳಿದಿರಬಹುದು. ರಕ್ತಪರೀಕ್ಷೆಯಲ್ಲಿ ಪಿಎಲ್‌ಎ2ಆರ್ ಪ್ರತಿಕಾಯ ಸಿಕ್ಕಿ, ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಆಗಲೂ ಬಯಾಪ್ಸಿ ಬೇಡವೆನ್ನಬಹುದು, ಏಕೆಂದರೆ ಕಾಯಿಲೆಯ ಹೆಸರು ಅಷ್ಟರಲ್ಲೇ ಸಿಕ್ಕಿರುತ್ತದೆ.

'ಬೇರೆ ಡಾಕ್ಟರ ಅಭಿಪ್ರಾಯ ಕೇಳಬೇಕಾದರೆ ಮತ್ತೆ ಚುಚ್ಚಿಸಿಕೊಳ್ಳಬೇಕಾ?' ಬೇಡ. ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಲ್ಯಾಬಿನವರು ವರ್ಷಗಟ್ಟಲೆ ಇಟ್ಟಿರುತ್ತಾರೆ. ಅರ್ಜಿ ಬರೆದುಕೊಟ್ಟು ಪಡೆಯಬಹುದು, ಹೊಸ ಬಣ್ಣ ಹಾಕಿ ಮತ್ತೆ ನೋಡಬಹುದು. ಬ್ಲಾಕಿನ ಮೇಲಿನ ನಂಬರ್ ರಿಪೋರ್ಟಿನ ನಂಬರಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಸ್ಲೈಡುಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿಸಿಕೊಳ್ಳಿ; ಕವರಿನಲ್ಲಿ ಹಾಕಿದರೆ ಬಸ್ಸಿನಲ್ಲಿ ಒಡೆಯುತ್ತವೆ. ಬ್ಲಾಕಿನ ಮೇಣ 60 ಡಿಗ್ರಿ ಹತ್ತಿರ ಕರಗುತ್ತದೆ, ಅದಕ್ಕೂ ಮುಂಚೆಯೇ ಮೆತ್ತಗಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಅದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಊಟಕ್ಕೆ ಹೋಗಬೇಡಿ.